ಅಪಾಸ್ಟ್ರಫಿ ಜತೆ ನನ್ನ ಜಗಳ

ಇಂಗ್ಲಿಷ್‌ನಲ್ಲಿ ವರದಿ ಬರೆಯುವ ಕೆಲಸಕ್ಕೆ ಸೇರಿದ ಹೊಸತು. ನನ್ನ ಮೊದಲ ವರದಿ ತಿದ್ದಿಸಿಕೊಂಡು ವಾಪಸ್ ಬಂದಾಗ 11 ಕಡೆ ಕೆಂಪು ಸುತ್ತು. ಅದರಲ್ಲಿ 9 ಅಪಾಸ್ಟ್ರಫಿಯದ್ದೇ, ಅಂದರೆ ಅಕ್ಷರಗಳ ನಡುವೆ ಮೇಲೆ ಕೂರುವ ಆ ಪುಟ್ಟ ಕೊಕ್ಕೆಯದ್ದೇ (’). ಕೊನೆಯಲ್ಲಿ ಎಸ್ ಕಂಡರೆ ಸಾಕು, ಸುಮ್ನೆ ಒಂದು ಕೊಕ್ಕೆ ಸಿಗಿಸಿಬಿಡುತ್ತಿದ್ದೆ.

ಕಿವಿಯನ್ನು ನಂಬಿ ಕೆಟ್ಟೆ. ಇಟ್ಸ್ ಅಂತ ಬಾಯಲ್ಲಿ ಹೇಳಿದರೆ ಕೊಕ್ಕೆ ಇದೆಯೋ ಇಲ್ಲವೋ ಕೇಳಿಸೋದಿಲ್ಲ ಅಲ್ವಾ? ಕೊನೆಗೆ ಕೈ ಹಿಡಿದದ್ದು ಕನ್ನಡ. ಬರೆಯುವಾಗ ಆ ಪದವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ ನೋಡತೊಡಗಿದೆ. ‘ಅದರ ಬಾಲ’ ಅಂದರೆ ಇಟ್ಸ್ ಟೇಲ್, ಕೊಕ್ಕೆ ಬೇಡ. ‘ಅದು ದೊಡ್ಡದು’ ಅಂದರೆ ಇಟ್’ಸ್ ಬಿಗ್, ಕೊಕ್ಕೆ ಬೇಕು. ಅಲ್ಲಿ ‘ಈಸ್’ ಪದದ ಐ ಅಕ್ಷರ ಬಿದ್ದುಹೋಗಿದೆ, ಅದರ ಜಾಗದಲ್ಲಿ ಕೊಕ್ಕೆ ಕೂತಿದೆ. ‘ನಿನ್ನ’ ಬಂದರೆ ಯುವರ್, ‘ನೀನು’ ಬಂದರೆ ಯೂ’ರ್. ‘ಅವರ’, ‘ಅವರು’ ಕೂಡ ಹಾಗೇ. ಕೆಲವು ಕಡೆ ಈ ಉಪಾಯ ಕೈಕೊಡುತ್ತದೆ. ‘ಮಳೆ ಬರ್ತಿದೆ’ ಅನ್ನುವಲ್ಲಿ ನಮಗೆ ‘ಅದು’ ಬೇಕೇ ಇಲ್ಲ! ಆಗ ಇಟ್ ಈಸ್ ಅಂತ ಬಿಡಿಸಿ ಓದುತ್ತೇನೆ. ಅರ್ಥ ಕೂತರೆ ಕೊಕ್ಕೆ.

ಹಾಗಾದರೆ ‘ಹುಡುಗನ ಪುಸ್ತಕ’ ಅನ್ನುವಾಗ ಕೊಕ್ಕೆ ಯಾಕೆ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಹಳೆಯ ಇಂಗ್ಲಿಷ್‌ನಲ್ಲಿ ಎಷ್ಟೋ ಪದಗಳಿಗೆ ‘ನ’ ಪ್ರತ್ಯಯದ ಹಾಗೆ ಇ-ಎಸ್ ಸೇರುತ್ತಿತ್ತು. ಕಾಲಕ್ರಮೇಣ ಇ ಸವೆದುಹೋಯಿತು. 16ನೇ ಶತಮಾನದಲ್ಲಿ ಫ್ರೆಂಚ್ ಬರವಣಿಗೆ ನೋಡಿ ಇಂಗ್ಲಿಷ್ ಮುದ್ರಕರು ಈ ಕೊಕ್ಕೆ ತಂದರು, ಆಮೇಲೆ ಅದು ಆ ಜಾಗಕ್ಕೂ ಬಂತು. ಹಿಸ್, ಹರ್ಸ್ ಥರದವಕ್ಕೆ ಮಾತ್ರ ಇಲ್ಲ. ಅಂದಹಾಗೆ, 18ನೇ ಶತಮಾನದಲ್ಲಿ ಓದಿದವರೇ ‘ಅದರ’ ಅನ್ನೋದಕ್ಕೂ ಕೊಕ್ಕೆ ಹಾಕುತ್ತಿದ್ದರು. ಇದನ್ನು ಓದಿದ ದಿನ ನನಗೆ ಸ್ವಲ್ಪ ಸಮಾಧಾನವಾಯಿತು.

ಬಹುವಚನದಲ್ಲಿ ನನ್ನ ದಾರಿ ಇದು: ಮೊದಲು ಯಾರದ್ದು ಅಂತ ಕೇಳಿ, ಆ ಪದವನ್ನು ಪೂರ್ತಿ ಬರೆಯುತ್ತೇನೆ, ಅದರ ಕೊನೆಗೇ ಕೊಕ್ಕೆ. ಹುಡುಗಿಯದ್ದಾದರೆ ಗರ್ಲ್ ಬರೆದು ಕೊಕ್ಕೆ, ಆಮೇಲೆ ಎಸ್. ಹುಡುಗಿಯರದ್ದಾದರೆ ಗರ್ಲ್ಸ್ ಬರೆದು ಕೊಕ್ಕೆ, ಅಷ್ಟೇ. ಮಕ್ಕಳದ್ದಾದರೆ ಚಿಲ್ಡ್ರನ್, ಕೊಕ್ಕೆ, ಎಸ್. ಜೇಮ್ಸ್ ಥರದ ಹೆಸರಿನಲ್ಲಿ ಎರಡು ಮತ ಇದೆ: ಶಿಕಾಗೋ ಶೈಲಿ ಅನ್ನುವ ಬರವಣಿಗೆ ಕೈಪಿಡಿಯವರು ಕೊಕ್ಕೆ ಆದಮೇಲೆ ಇನ್ನೊಂದು ಎಸ್ ಹಾಕುತ್ತಾರೆ, ಸುದ್ದಿಸಂಸ್ಥೆಯಾದ ಅಸೋಸಿಯೇಟೆಡ್ ಪ್ರೆಸ್‌ನವರು ಹಾಕೋದಿಲ್ಲ. ಯಾವುದಾದರೂ ಸರಿ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬಾರದು.

1990ರ ದಶಕ ಅನ್ನುವಾಗ ಅಂಕಿಗೂ ಎಸ್‌ಗೂ ನಡುವೆ ಏನೂ ಬೇಡ. ಬರೀ 90 ಬರೆದರೆ ಬಿದ್ದುಹೋದ 19ರ ಜಾಗದಲ್ಲಿ, ಅಂದರೆ ಮುಂದೆ ಕೊಕ್ಕೆ. ಆದರೆ ನಾನು ಟೈಪ್ ಮಾಡುವ ವರ್ಡ್ ತಂತ್ರಾಂಶ ಅದನ್ನು ಉಲ್ಟಾ ತಿರುಗಿಸಿ ಕೂರಿಸುತ್ತದೆ. ನಾನು ಒಟ್ಟಿಗೆ ಎರಡು ಕೊಕ್ಕೆ ಒತ್ತಿ ಮೊದಲನೆಯದನ್ನು ಅಳಿಸುತ್ತೇನೆ.

ಕಳಿಸುವ ಮುಂಚೆ ಕಂಟ್ರೋಲ್ ಎಫ್ ಒತ್ತಿ ಕೊಕ್ಕೆಯನ್ನೇ ಹುಡುಕುತ್ತೇನೆ. ಬಿಟ್ಟುಹೋದದ್ದು ಅದರಲ್ಲಿ ಸಿಗೋದಿಲ್ಲವಲ್ಲ, ಹಾಗಾಗಿ ಕೊಕ್ಕೆಯಿಲ್ಲದ ಇಟ್ಸ್ ಅನ್ನೂ ಬೇರೆಯಾಗಿ ಹುಡುಕುತ್ತೇನೆ. ಕಳೆದ ವಾರ ಒಂದು ಸಿಕ್ಕಿಬಿತ್ತು. ‘ಫೋಟೋಗಳು’ ಅನ್ನೋದು ಬರೀ ಬಹುವಚನ, ಕೊಕ್ಕೆ ಬೇಡ; ಅದಕ್ಕೂ ರಾತ್ರಿ ಅವಸರದಲ್ಲಿ ಕೊಕ್ಕೆ ಹಾಕಿದ್ದೆ.