ಗೆಲಿಲಿಯೋ ನೋಡಿದ್ದನ್ನ ಅವನ ಥರದ ಟೆಲಿಸ್ಕೋಪಲ್ಲೇ ನೋಡೋದು ಹೇಗೆ

1609ರ ನವೆಂಬರ್‌ನಲ್ಲಿ ಇಟಲಿಯ ಪಾಡುವಾದಲ್ಲಿದ್ದ ಗೆಲಿಲಿಯೋಗೆ ಒಂದು ಪತ್ರ ಬಂದಿತ್ತು, ಅದರ ಹಿಂಬದಿಲಿ ಅವನು ತರಬೇಕಾದ ಸಾಮಾನಿನ ಚೀಟಿ ಬರ್ಕೊಂಡಿದಾನೆ. ಅಕ್ಕಿ, ಕಡಲೆ, ಮೆಣಸು, ಸಕ್ಕರೆ, ಅದರ ಜೊತೇಲೇ ಎರಡು ಫಿರಂಗಿ ಗುಂಡು, ಆರ್ಗನ್ ವಾದ್ಯದ ತವರದ ಕೊಳವೆ, ಪಾಲಿಶ್ ಮಾಡಿದ ಜರ್ಮನ್ ಗಾಜು, ಕನ್ನಡಿ ಚೂರು. ಗುಂಡಿನ ಮೇಲೆ ಗಾಜು ಉಜ್ಜಿದ್ರೆ ಗುಳಿ ಬಿದ್ದ ಲೆನ್ಸ್ ಆಗತ್ತೆ, ಕೊಳವೆ ಟ್ಯೂಬಿಗೆ. ನಮ್ಮ ಚೀಟಿ ಅಷ್ಟು ಕಷ್ಟದ್ದಲ್ಲ, ಒಂದು ಕನ್ನಡಕದ ಅಂಗಡಿ, ಸ್ಕೂಲ್ ಲ್ಯಾಬ್ ಸಾಮಾನು ಮಾರೋ ಒಂದು ಅಂಗಡಿ, ಒಂದು ಬಟ್ಟೆ ಅಂಗಡಿ, ಇಷ್ಟು ಸುತ್ತಿದ್ರೆ ಸಾಕು.

ಕನ್ನಡಕದ ಅಂಗಡೀಲಿ ಪ್ಲಸ್ 1 ಪವರ್‌ನ ದುಂಡು ಲೆನ್ಸ್ ಕೇಳಿ, ಫ್ರೇಮಿಗೆ ಕಟ್ ಮಾಡೋಕೆ ಮುಂಚೆ ಇರತ್ತಲ್ಲ ಅದು. ಪ್ಲಸ್ 1 ಅಂದ್ರೆ ಅದರ ಫೋಕಸ್ ದೂರ ಸರಿಯಾಗಿ 1 ಮೀಟರ್. ಮನೆಗೆ ತಂದ ಮೇಲೆ ಇದನ್ನ ಒಂದ್ಸಲ ಚೆಕ್ ಮಾಡ್ಕೊಳ್ಳಿ: ಕಿಟಕಿ ಎದುರಿನ ಗೋಡೆ ಮೇಲೆ ಬಿಳಿ ಹಾಳೆ ಅಂಟಿಸಿ, ಲೆನ್ಸ್ ಹಿಡ್ಕೊಂಡು ಹಿಂದೆ ಮುಂದೆ ಸರಿಸ್ತಾ ಹೋಗಿ, ಹೊರಗಡೆ ದೂರದ ತೆಂಗಿನಮರ ತಲೆಕೆಳಗಾಗಿ ಹಾಳೆ ಮೇಲೆ ಚೂಪಾಗಿ ಮೂಡ್ದಾಗ ಟೇಪ್ ಹಿಡಿದು ಅಳೀರಿ. ಕಣ್ಣಿಗೆ ಹಿಡಿಯೋ ಲೆನ್ಸಿಗೆ ಲ್ಯಾಬ್ ಅಂಗಡೀಲಿ ನಿಮ್ನ ಮಸೂರ, ಅಂದ್ರೆ ಗುಳಿ ಬಿದ್ದ ಲೆನ್ಸ್ ತಗೊಳ್ಳಿ, 10 ಸೆಂಟಿಮೀಟರ್ ಫೋಕಸ್‌ದು ಒಂದು, 5 ಸೆಂಟಿಮೀಟರ್‌ದು ಒಂದು. 100ನ್ನ 10ರಿಂದ ಭಾಗಿಸಿದ್ರೆ 10 ಪಟ್ಟು, 5ರಿಂದ ಭಾಗಿಸಿದ್ರೆ 20 ಪಟ್ಟು, ಲೆಕ್ಕ ಅಷ್ಟೇ. ಮೊದಲು 10 ಪಟ್ಟಲ್ಲೇ ಶುರು ಮಾಡಿ. ಗೆಲಿಲಿಯೋನೂ ಮೊದಲು ಮಾಡಿದ್ದು 3 ಪಟ್ಟಿಂದು, 1609ರ ಆಗಸ್ಟಲ್ಲಿ ವೆನಿಸ್‌ನ ದೊಡ್ಡ ಮನುಷ್ಯರನ್ನ ಗೋಪುರ ಹತ್ತಿಸಿ ದೂರದ ಹಡಗು ತೋರಿಸಿದ್ದು 8-9 ಪಟ್ಟಿಂದ್ರಲ್ಲಿ, 20 ಪಟ್ಟಿಂದು ಬಂದಿದ್ದು ಆಮೇಲೆ.

ಟ್ಯೂಬಿಗೆ ಬಟ್ಟೆ ಅಂಗಡೀಲಿ ಥಾನ್ ಸುತ್ತಿರೋ ರಟ್ಟಿನ ಕೊಳವೆ ಕೇಳಿದ್ರೆ ಕೊಡ್ತಾರೆ. ಹೊರಗಿನ ಕೊಳವೆ 80 ಸೆಂಟಿಮೀಟರ್ ಕತ್ತರಿಸ್ಕೊಳ್ಳಿ, ಅದರೊಳಗೆ ಸ್ವಲ್ಪ ಬಿಗಿಯಾಗಿ ಜಾರೋ ಥರ 30 ಸೆಂಟಿಮೀಟರ್‌ದು ಇನ್ನೊಂದು, ಸಿಗದಿದ್ರೆ ದಪ್ಪ ಡ್ರಾಯಿಂಗ್ ಶೀಟ್ ಸುತ್ತಿ ನೀವೇ ಮಾಡ್ಕೊಳ್ಳಿ. ಎರಡರ ಒಳಗೂ ಕಪ್ಪು ಪೇಪರ್ ಅಂಟಿಸಿ. ದೊಡ್ಡ ಲೆನ್ಸ್‌ನ ಉಬ್ಬಿದ ಬದಿ ಆಕಾಶದ ಕಡೆ ಇರಬೇಕು, ಕಣ್ಣಿನ ಲೆನ್ಸ್ ಒಳಕೊಳವೆಯ ತುದಿಗೆ. ಆಕಾಶ ನೋಡುವಾಗ ಎರಡು ಲೆನ್ಸ್ ಮಧ್ಯೆ 10 ಪಟ್ಟಿಗೆ ಸುಮಾರು 90 ಸೆಂಟಿಮೀಟರ್, 20 ಪಟ್ಟಿಗೆ 95 ಬರತ್ತೆ, ಮಿಕ್ಕಿದ್ದು ಜಾರಿಸಿ ಜಾರಿಸಿ ನಿಮ್ಮ ಕಣ್ಣಿಗೆ ಹೊಂದಿಸ್ಕೊಳ್ಳೋದು.

ಈಗ ಅಸಲಿ ವಿಷಯ, ಇದನ್ನ ಮಾತ್ರ ಬಿಡ್ಬೇಡಿ. ಕಪ್ಪು ರಟ್ಟಲ್ಲಿ 20ರಿಂದ 25 ಮಿಲಿಮೀಟರ್‌ನ ನೀಟಾದ ದುಂಡು ತೂತು ಮಾಡಿ ದೊಡ್ಡ ಲೆನ್ಸ್ ಮುಂದೆ ಮುಚ್ಚಿ. ಅಷ್ಟು ದೊಡ್ಡ ಲೆನ್ಸ್ ತಂದು ಯಾಕೆ ಮುಚ್ಚಬೇಕು ಅನ್ಸತ್ತೆ, ಆದ್ರೆ ಮೊದಲು ರಟ್ಟಿಲ್ದೆ ಚಂದ್ರನ್ನ ನೋಡಿ, ಅಂಚೆಲ್ಲ ನೀಲಿ ನೇರಳೆ ಬಣ್ಣ ಕದಡಿ ಗುಂಡಿ ಯಾವ್ದು ನೆರಳು ಯಾವ್ದು ಗೊತ್ತಾಗಲ್ಲ, ರಟ್ಟು ಹಾಕಿದ ಕೂಡ್ಲೆ ಬೆಳಕು ಕಮ್ಮಿಯಾಗಿ ಗೆರೆ ಗೆರೆ ಕಾಣೋಕೆ ಶುರುವಾಗತ್ತೆ. ಇಟಲೀಲಿ ಕನ್ನಡಕ 13ನೇ ಶತಮಾನದ ಕೊನೇಲೇ ಬಂದಿತ್ತು, ಆದ್ರೂ ಹಾಲೆಂಡಿನ ಮಿಡೆಲ್‌ಬರ್ಗ್‌ನ ಕನ್ನಡಕ ಮಾಡೋ ಹಾನ್ಸ್ ಲಿಪ್ಪರ್ಶೇ ಟೆಲಿಸ್ಕೋಪಿಗೆ ಪೇಟೆಂಟ್ ಕೇಳಿದ್ದು 1608ರ ಅಕ್ಟೋಬರಲ್ಲಿ. ಗುಳಿ ಬಿದ್ದ ಲೆನ್ಸ್ ಬಂದ ಮೇಲೂ ಸುಮಾರು 150 ವರ್ಷ ಎರಡೂ ಥರದ ಲೆನ್ಸ್ ಪಕ್ಕಪಕ್ಕದಲ್ಲೇ ಇದ್ವಲ್ಲ, ಯಾಕೆ ಯಾರಿಗೂ ಆಗ್ಲಿಲ್ಲ? ಹಳೇ ಲೆನ್ಸ್‌ಗಳನ್ನ ಪರೀಕ್ಷೆ ಮಾಡಿದ ರೋಲ್ಫ್ ವಿಲಾಖ್ ಅನ್ನೋರ ವಾದ ಏನಂದ್ರೆ, ಆಗಿನ ಲೆನ್ಸ್ ನಡುವೆ ಚೆನ್ನಾಗಿದ್ದು ಅಂಚಿಗೆ ಬರ್ತಾ ಆಕಾರ ಕೆಡ್ತಿತ್ತು, ಅಂಚು ಮುಚ್ಚೋ ಉಪಾಯ ಹೊಳೆದ ಮೇಲೇನೇ ಟೆಲಿಸ್ಕೋಪ್ ಟೆಲಿಸ್ಕೋಪ್ ಆಗಿದ್ದು ಅಂತ. ನನಗೆ ಈ ವಾದ ಪೂರ್ತಿ ಒಪ್ಪಿಗೆ. ಅಂದಹಾಗೆ ಲಿಪ್ಪರ್ಶೇಗೆ ಪೇಟೆಂಟ್ ಸಿಗ್ಲಿಲ್ಲ, ಅಷ್ಟರಲ್ಲಿ ನಾವೂ ಮಾಡಿದೀವಿ ಅಂತ ಬೇರೆಯವರೂ ಬಂದಿದ್ರು.

ಎಷ್ಟು ಪಟ್ಟು ದೊಡ್ಡದಾಗಿ ತೋರಿಸ್ತಿದೆ ಅಂತ ಪರೀಕ್ಷೆ ಮಾಡೋ ವಿಧಾನ ಗೆಲಿಲಿಯೋನೇ ಬರೆದಿಟ್ಟಿದಾನೆ. ಕಾಗದದಲ್ಲಿ ಎರಡು ದುಂಡು ಕತ್ತರಿಸಿ, ಒಂದು 2 ಸೆಂಟಿಮೀಟರ್ ಅಗಲ, ಇನ್ನೊಂದು 40. ಎರಡನ್ನೂ ಒಂದೇ ಗೋಡೆಗೆ ಅಂಟಿಸಿ ದೂರ ಹೋಗಿ, ಟೆರೇಸ್ ಉದ್ದ ಇದ್ರೆ 20 ಮೀಟರ್ ಸಾಕು, ಒಂದು ಕಣ್ಣಲ್ಲಿ ಟೆಲಿಸ್ಕೋಪ್ ಮೂಲಕ ಚಿಕ್ಕದನ್ನ, ಇನ್ನೊಂದು ಬರಿಗಣ್ಣಲ್ಲಿ ದೊಡ್ಡದನ್ನ, ಎರಡೂ ಒಟ್ಟಿಗೆ ನೋಡಿ. ಸಮ ಕಂಡ್ರೆ ನಿಮ್ಮದು 20 ಪಟ್ಟಿಂದು. ಹತ್ತಿರದ ಗೋಡೆಗೆ ಒಳಕೊಳವೆ ಇನ್ನೂ 5 ಸೆಂಟಿಮೀಟರ್ ಹೊರಗೆ ಎಳೀಬೇಕಾಗತ್ತೆ.

ಕೈಯಲ್ಲಿ ಹಿಡ್ಕೊಂಡು ನೋಡೋಕೆ ಹೋಗ್ಬೇಡಿ. ಉಸಿರಾಟಕ್ಕೆ, ನಾಡಿ ಬಡಿತಕ್ಕೂ ಅಲ್ಲಾಡತ್ತೆ, ಗಟ್ಟಿ ಜಾಗದಲ್ಲಿ ಊರಿಡಿ ಅಂತ ಅವನೇ 1610ರ ಜನವರಿ 7ರ ಪತ್ರದಲ್ಲಿ ಹೇಳಿದಾನೆ, ಉಸಿರಿಂದ ಲೆನ್ಸ್ ಮಬ್ಬಾಗತ್ತೆ, ಬಟ್ಟೇಲಿ ಒರೆಸ್ತಾ ಇರಿ ಅಂತಾನೂ ಹೇಳಿದಾನೆ. ಕ್ಯಾಮೆರಾ ಟ್ರೈಪಾಡ್ ಇದ್ರೆ ಕಟ್ಟಿ, ಇಲ್ದಿದ್ರೆ ಏಣಿ ಮೆಟ್ಟಿಲಿಗೆ ಮಡಚಿದ ಟವೆಲ್ ಇಟ್ಟು ಹಗ್ಗದಲ್ಲಿ ಬಿಗೀರಿ. ಕಣ್ಣನ್ನ ಲೆನ್ಸಿಗೆ ತಾಗೋ ಅಷ್ಟು ಹತ್ತಿರ ತನ್ನಿ. 20 ಪಟ್ಟಲ್ಲಿ ಚಂದ್ರ ಒಂದೇ ಸಲಕ್ಕೆ ಪೂರ್ತಿ ಕಾಣಲ್ಲ, ಅರ್ಧಗಿರ್ಧ ಕಂಡ್ರೆ ಟೆಲಿಸ್ಕೋಪ್ ಕೆಟ್ಟಿದೆ ಅನ್ಕೋಬೇಡಿ, ಅವನಿಗೂ ಹಾಗೇ ಕಂಡಿದ್ದು.

ಚಂದ್ರನ್ನ ಹುಣ್ಣಿಮೆ ದಿನ ನೋಡ್ಬೇಡಿ, ನೆರಳೇ ಇರಲ್ಲ. ಶುಕ್ಲಪಕ್ಷದ ಸಪ್ತಮಿ ಅಷ್ಟಮಿ ಹೊತ್ತಿಗೆ ಬೆಳಕು ಕತ್ತಲೆ ಸೇರೋ ಗೆರೆ ಮೇಲೆ ಕಣ್ಣಿಡಿ, ಕತ್ತಲೆ ಭಾಗದೊಳಗೆ ಬಿಡಿಬಿಡಿಯಾಗಿ ಬೆಳಗೋ ಚುಕ್ಕಿ ಕಾಣತ್ತೆ, ಅವು ಬೆಟ್ಟದ ತುದಿಗಳು, ಬಿಸಿಲು ಮೊದಲು ಅಲ್ಲಿಗೆ ಬೀಳತ್ತೆ. ಪೆನ್ಸಿಲ್ ಹಿಡಿದು ಚಿತ್ರ ಬರೀರಿ, ಫೋಟೋ ಬೇಡ. ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ 1609ರ ಜುಲೈನಲ್ಲೇ, ಗೆಲಿಲಿಯೋಗಿಂತ ತಿಂಗಳುಗಟ್ಟಲೆ ಮುಂಚೆ, 6 ಪಟ್ಟಿನ ಟೆಲಿಸ್ಕೋಪಲ್ಲಿ ಚಂದ್ರನ್ನ ನೋಡಿ ಬರ್ಕೊಂಡ, ಆದ್ರೆ ಆ ಚಿತ್ರದಲ್ಲಿ ಒಂದೂ ಕುಳಿ ಇಲ್ಲ. ಗೆಲಿಲಿಯೋ ತಾನು ಕಂಡಿದ್ದನ್ನ ಬರೆದ ಪುಸ್ತಕ ಬಂದ ಮೇಲಿನ ಹ್ಯಾರಿಯಟ್‌ನ ಚಿತ್ರಗಳಲ್ಲಿ ಕುಳಿ ಬರತ್ತೆ. ಕಣ್ಣಿಗೆ ಅಭ್ಯಾಸ ಬೇಕು, ಬರೀತಾ ಹೋದ್ರೇನೇ ಅದು ಬರೋದು.

ಗುರುಗ್ರಹಕ್ಕೆ ಒಂದು ರಾತ್ರಿ ಸಾಲಲ್ಲ. ದಿನಾ ಅದೇ ಹೊತ್ತಿಗೆ ನೋಡಿ, ನೋಟ್‌ಬುಕ್ಕಲ್ಲಿ ಒಂದು ಸೊನ್ನೆ, ಅದರ ಅಕ್ಕಪಕ್ಕ ಕಂಡಷ್ಟು ಚುಕ್ಕಿ, ತಾರೀಖು, ಅಷ್ಟೇ ಬರೀರಿ. 1610ರ ಜನವರಿ 7ಕ್ಕೆ ಗೆಲಿಲಿಯೋಗೆ ಮೂರು ಚುಕ್ಕಿ ಕಂಡ್ವು, ಪೂರ್ವಕ್ಕೆ ಎರಡು, ಪಶ್ಚಿಮಕ್ಕೆ ಒಂದು. 8ಕ್ಕೆ ಮೂರೂ ಪಶ್ಚಿಮಕ್ಕೆ. 9ಕ್ಕೆ ಮೋಡ. 10ಕ್ಕೆ ಎರಡೇ, ಎರಡೂ ಪೂರ್ವಕ್ಕೆ. 13ಕ್ಕೆ ನಾಲ್ಕು ಕಂಡ್ವು. ನಿಮ್ಮ ನೋಟ್‌ಬುಕ್ಕಲ್ಲೂ ಒಂದು ವಾರದಲ್ಲಿ ಈ ಓಡಾಟ ಕಂಡೇ ಕಾಣತ್ತೆ, ಆ ಚುಕ್ಕಿಗಳು ಗುರುವಿನ ಚಂದ್ರಗಳು, ಭೂಮೀನ ಬಿಟ್ಟು ಬೇರೆ ಒಂದರ ಸುತ್ತ ಏನೋ ಸುತ್ತುತ್ತೆ ಅನ್ನೋದನ್ನ ನೀವೇ ಕಂಡ್ಕೊಂಡ ಹಾಗೆ ಆಯ್ತು. ಆಮೇಲೆ ಕೃತ್ತಿಕೆ ಕಡೆ ತಿರುಗ್ಸಿ, ಬರಿಗಣ್ಣಿಗೆ ಆರೇಳು ಇರೋ ಜಾಗದಲ್ಲಿ ಎಷ್ಟು ಸಿಗತ್ತೆ ಎಣಿಸಿ.

ಸೂರ್ಯನ ಕಡೆ ಮಾತ್ರ ಕಣ್ಣಿಟ್ಟು ನೋಡಲೇಬೇಡಿ, ಒಂದು ಕ್ಷಣಾನೂ ಬೇಡ, ಕಣ್ಣು ಹೋಗತ್ತೆ, ಮಕ್ಕಳಿದ್ರೆ ಹಗಲು ಟೆಲಿಸ್ಕೋಪ್ ಬೀರೂಲಿಡಿ.

ನೋಟ ತೀರಾ ಕಿರಿದು ಅನ್ಸಿದ್ರೆ ಕಣ್ಣಿನ ಕಡೆ ನಿಮ್ನದ ಬದಲು 5 ಸೆಂಟಿಮೀಟರ್‌ನ ಪೀನ ಮಸೂರ, ಅಂದ್ರೆ ಉಬ್ಬಿದ ಲೆನ್ಸ್ ಹಾಕಿ, ಖಗೋಳಶಾಸ್ತ್ರಜ್ಞ ಕೆಪ್ಲರ್ 1611ರಲ್ಲಿ ಹೇಳಿದ ಜೋಡಣೆ ಅದು. ಲೆನ್ಸ್ ಮಧ್ಯದ ದೂರ 105 ಸೆಂಟಿಮೀಟರ್ ಆಗತ್ತೆ, ಅದಕ್ಕೆ ಒಳಕೊಳವೆ 40 ಸೆಂಟಿಮೀಟರ್‌ದು ಮಾಡ್ಕೊಳ್ಳಿ, ಚಿತ್ರ ತಲೆಕೆಳಗು, ಆದ್ರೆ ಚಂದ್ರ ಪೂರ್ತಿ ಒಳಗೆ ಬರ್ತಾನೆ.