ಜರ್ಮನಿಯ ಹಳ್ಳಿ ಚರ್ಚಿನ ಗೋಡೆಗಳನ್ನು ಓದುವ ಬಗೆ

ಬರ್ಲಿನ್ ನಗರವನ್ನು ಸುತ್ತುವರಿದ ಬ್ರಾಂಡೆನ್‌ಬುರ್ಗ್ ರಾಜ್ಯದ ಅನೇಕ ಹಳ್ಳಿಗಳಲ್ಲಿ, ಊರ ನಡುವಿನ ಹಳೆಯ ಸಮಾಧಿಗಳ ಮಗ್ಗುಲಲ್ಲೇ, ಬೂದುಬಣ್ಣದ ಕಲ್ಲಿನ ಒಂದು ಪುಟ್ಟ ಚರ್ಚು ನಿಂತಿರುತ್ತದೆ. ಬಾಗಿಲ ಬಳಿಯ ಫಲಕ ಅದನ್ನು 13ನೇ ಶತಮಾನದ ಕಟ್ಟಡವೆಂದು ಹೇಳಬಹುದು. ಆ ಒಂದು ಮಾತನ್ನು ಬರೆದುಕೊಂಡು ಮುಂದೆ ಹೋಗಬೇಡಿ. ಆ ಶತಮಾನಕ್ಕೆ ಸೇರಿದ್ದು ಬರಿಯ ಗೋಡೆಗಳಾಗಿದ್ದು, ಕಿಟಕಿ, ಚಾವಣಿ, ಗೋಪುರದ ತುದಿ, ಗಂಟೆ ಎಲ್ಲವೂ ಬೇರೆ ಬೇರೆ ಕಾಲದವಾಗಿರುವುದೇ ಹೆಚ್ಚು. ಯಾವ ಭಾಗ ಯಾವಾಗ ಬಂದಿತು ಎಂಬುದನ್ನು ಬಿಡಿಸಿಕೊಳ್ಳುವುದೇ ಇಲ್ಲಿನ ಕೆಲಸ. ಅದಕ್ಕೆ ಒಂದು ಅಳತೆಪಟ್ಟಿ, ಟಾರ್ಚು, ಸಾಧ್ಯವಾದರೆ ಒಂದು ಬೈನಾಕ್ಯುಲರ್ ಮತ್ತು ಸಾಕಷ್ಟು ಬಿಡುವು ಇದ್ದರೆ ಸಾಕು. ಬಾಗಿಲಿಗೆ ಬೀಗವಿದ್ದರೆ ಕೀಲಿ ಯಾರಲ್ಲಿದೆಯೆಂದು ಅಕ್ಕಪಕ್ಕದ ಮನೆಯವರನ್ನು ವಿಚಾರಿಸಿ. ಆದರೆ ಕೀಲಿ ಸಿಕ್ಕಿದರೂ ಮೊದಲು ಹೊರಗಿನಿಂದ ಒಂದು ಪೂರ್ಣ ಸುತ್ತು ಬನ್ನಿ.

ಸುತ್ತನ್ನು ಪೂರ್ವದಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಬಲಿಪೀಠ ಇರುವುದು ಆ ದಿಕ್ಕಿನಲ್ಲಿ. ಪೂರ್ಣ ರೂಪದ ಹಳ್ಳಿ ಚರ್ಚಿನಲ್ಲಿ ನಾಲ್ಕು ಭಾಗಗಳಿರುತ್ತವೆ: ಪೂರ್ವದ ತುದಿಯಲ್ಲಿ ಅರ್ಧವೃತ್ತಾಕಾರದ ಹೊರಚಾಚು, ಅದಕ್ಕೆ ತಾಗಿ ಬಲಿಪೀಠದ ಚೌಕ ಕೋಣೆ, ಅದಕ್ಕಿಂತ ಅಗಲವಾದ ಸಭಾಂಗಣ ಮತ್ತು ಪಶ್ಚಿಮದಲ್ಲಿ ಕೋಟೆಯ ಗೋಡೆಯಂತೆ ಅಡ್ಡಲಾಗಿ ನಿಂತ ಗೋಪುರ. ಈಗ ಬರ್ಲಿನ್ ನಗರದೊಳಗೇ ಸೇರಿಹೋಗಿರುವ ಮಾರಿಯನ್‌ಫೆಲ್ಡೆಯ ಚರ್ಚಿನಲ್ಲಿ ಈ ನಾಲ್ಕನ್ನೂ ಕಾಣಬಹುದು. ನಿಮ್ಮ ಮುಂದಿರುವ ಚರ್ಚಿನಲ್ಲಿ ಇವುಗಳಲ್ಲಿ ಯಾವುದು ಇಲ್ಲವೆಂದು ಗುರುತಿಸಿ, ಅದನ್ನು ಕಟ್ಟಲೇ ಇಲ್ಲವೋ ಅಥವಾ ಕಟ್ಟಿ ಮುಂದೆ ಕೆಡವಲಾಯಿತೋ ಎಂದು ಗೋಡೆಗಳು ಕೂಡುವ ಮೂಲೆಗಳಲ್ಲಿ ಹುಡುಕಿ. ಒಂದು ಗೋಡೆಯ ಕಲ್ಲು ಇನ್ನೊಂದರೊಳಗೆ ಹೆಣೆದುಕೊಂಡಿದ್ದರೆ ಎರಡೂ ಒಟ್ಟಿಗೆ ಎದ್ದವು. ಮೇಲಿನಿಂದ ಕೆಳಗಿನವರೆಗೆ ನೇರವಾದ ಸೀಳುಗೆರೆ ಇದ್ದರೆ ಒಂದನ್ನು ಇನ್ನೊಂದಕ್ಕೆ ಆಮೇಲೆ ಜೋಡಿಸಿರುವ ಸಾಧ್ಯತೆ ಹೆಚ್ಚು.

ಇನ್ನು ಕಲ್ಲು. ಹಿಮಯುಗದ ಹಿಮರಾಶಿಗಳು ಸ್ಕಾಂಡಿನೇವಿಯಾದಿಂದ ತಳ್ಳಿಕೊಂಡು ಬಂದು ಈ ಬಯಲಿನಲ್ಲಿ ಬಿಟ್ಟುಹೋದ ಗ್ರಾನೈಟ್ ಗುಂಡುಗಳೇ ಇಲ್ಲಿನ ಕಟ್ಟಡದ ಕಲ್ಲು. ಉಳುವ ನೆಲದಿಂದ ಎತ್ತಿ ತಂದ ಇವನ್ನು ಜರ್ಮನ್ನರು ಫೆಲ್ಡ್‌ಸ್ಟೈನ್, ಅಂದರೆ ಹೊಲದ ಕಲ್ಲು, ಎಂದೇ ಕರೆಯುತ್ತಾರೆ. ಈ ಕಲ್ಲಿನ ವಿಷಯದಲ್ಲಿ ಹೊಸಬರು ತಪ್ಪುವುದು ಒಂದೇ ಕಡೆ: ಒರಟು ಕೆಲಸ ಹಳೆಯದು, ನಯವಾದ ಕೆಲಸ ಹೊಸದು ಎಂದುಕೊಳ್ಳುತ್ತಾರೆ. ಇಲ್ಲಿ ಸಾಮಾನ್ಯವಾಗಿ ಅದು ತಿರುವುಮುರುವು. 13ನೇ ಶತಮಾನದ ಕುಶಲಕರ್ಮಿಗಳು ಆ ಗಡುಸು ಗ್ರಾನೈಟನ್ನು ಚೌಕವಾಗಿ ಕೆತ್ತಿ, ದಾರ ಹಿಡಿದಂತೆ ಸಮನಾದ ವರಸೆಗಳಲ್ಲಿ ಕೂರಿಸಿದರು. ನಂತರದ ಕಾಲದಲ್ಲಿ ಕಲ್ಲನ್ನು ಸೀಳಿ, ಇಲ್ಲವೇ ಸಿಕ್ಕ ಹಾಗೆಯೇ ಇಟ್ಟು, ಸಂದುಗಳಿಗೆ ಚೂರು ಮತ್ತು ಗಾರೆ ತುಂಬಿದರು. ಒಂದೇ ಗೋಡೆಯ ಕೆಳಭಾಗ ಅಚ್ಚುಕಟ್ಟಾಗಿದ್ದು ಎದೆಮಟ್ಟದಿಂದ ಮೇಲೆ ವರಸೆ ಕೆಟ್ಟಿದ್ದರೆ, ಕೆಲಸ ನಡುವೆ ನಿಂತು ಬೇರೆ ಕೈಗಳಿಂದ ಮುಂದುವರಿಯಿತೇ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಿ. ಅಲ್ಲಿ ನಿಂತು ಅಂಗೈಯಿಂದ ಕಲ್ಲಿನ ಅಂಚನ್ನು ಸವರಿ ನೋಡಿ. ಕೆತ್ತಿದ ಅಂಚಿನ ನೇರವನ್ನು ಕಣ್ಣಿಗಿಂತ ಕೈಯೇ ಬೇಗ ಗುರುತಿಸುತ್ತದೆ.

ಕಿಟಕಿಗಳಲ್ಲಿ ದುಂಡು ಕಮಾನು ಮಧ್ಯಯುಗದ ಹಳೆಯ ರೋಮನೆಸ್ಕ್ ಶೈಲಿಗೂ ಚೂಪು ಕಮಾನು ಅದರ ನಂತರ ಬಂದ ಗೋಥಿಕ್ ಶೈಲಿಗೂ ಸೇರುತ್ತವೆ. ಆದರೆ 19ನೇ ಶತಮಾನದವರು ಎರಡನ್ನೂ ಅನುಕರಿಸಿದ್ದರಿಂದ ಆಕಾರವನ್ನಷ್ಟೇ ನೋಡಿ ಕಾಲ ಹೇಳಬಾರದು. ಕಿಟಕಿಯ ಅಂಚಿಗೆ ಕಟ್ಟಿದ ಇಟ್ಟಿಗೆಯನ್ನು ಅಳೆಯಿರಿ. ಮಧ್ಯಯುಗದ ಇಟ್ಟಿಗೆಯ ಉದ್ದ ಸುಮಾರು 28 ಸೆಂ.ಮೀ., ದಪ್ಪ 8ರಿಂದ 10 ಸೆಂ.ಮೀ. ಇರುತ್ತದೆ. 1872ರಲ್ಲಿ ಜರ್ಮನ್ ಸಾಮ್ರಾಜ್ಯ ಗೊತ್ತುಪಡಿಸಿದ ಅಳತೆ 25, 12 ಮತ್ತು 6.5 ಸೆಂ.ಮೀ. ಚೂಪು ಕಮಾನಿನ ಸುತ್ತ ಈ ಎರಡನೆಯ ಅಳತೆಯೇ ಎಲ್ಲೆಡೆ ಸಿಕ್ಕರೆ ಆ ಕಮಾನನ್ನು ಮಧ್ಯಯುಗಕ್ಕೆ ಸೇರಿಸಲು ಬರುವುದಿಲ್ಲ. ಹಳೆಯ ಇಟ್ಟಿಗೆಯನ್ನು ಮತ್ತೆ ಬಳಸುತ್ತಿದ್ದರಾದ್ದರಿಂದ ಒಂದನ್ನಲ್ಲ, ಹತ್ತಾರು ಇಟ್ಟಿಗೆಗಳನ್ನು ಅಳೆಯಬೇಕು. ಬಲಿಪೀಠದ ಕೋಣೆಯ ದಕ್ಷಿಣದಲ್ಲಿ ಪಾದ್ರಿಯ ಚಿಕ್ಕ ಬಾಗಿಲು ಇರುತ್ತಿತ್ತು. ಅದನ್ನು ಮುಚ್ಚಿದ್ದರೂ ಕಮಾನಿನ ಗೆರೆ ಉಳಿದಿರುತ್ತದೆ.

ಗೋಪುರದ ತುದಿಯಲ್ಲಿ ಗಾಳಿಯ ದಿಕ್ಕು ತೋರುವ ಲೋಹದ ಪಟ್ಟಿಯಲ್ಲಿ ಕೊರೆದ ಇಸವಿ ಬೈನಾಕ್ಯುಲರ್‌ನಲ್ಲಿ ಕಂಡರೆ ಬರೆದುಕೊಳ್ಳಿ. ಅದು ದುರಸ್ತಿಯ ವರ್ಷವೂ ಆಗಿರಬಹುದು. ಮೇಲೆ ಹತ್ತಲು ಅನುಮತಿ ಸಿಕ್ಕರೆ ಗಂಟೆಯ ಮೇಲಿನ ಬರಹವನ್ನು ಓದಿ. ಗೂಡಿನಲ್ಲಿ ಮೂರು ಗಂಟೆಗಳಿಗೆ ಜಾಗವಿದ್ದು ಒಂದೇ ತೂಗುತ್ತಿದ್ದರೆ, ಉಳಿದವು ಯುದ್ಧಕ್ಕೆ ಹೋಗಿರುವ ಸಂಭವವಿದೆ: 1917ರಲ್ಲಿ ಒಮ್ಮೆ, 1940ರ ಆದೇಶದ ನಂತರ ಮತ್ತೊಮ್ಮೆ, ಕಂಚಿನ ಗಂಟೆಗಳನ್ನು ಇಳಿಸಿ ಕರಗಿಸಲು ಒಯ್ದರು. ಎರಡನೆಯ ಸಲ ಅವನ್ನು ಎ ಇಂದ ಡಿ ವರೆಗೆ ವಿಂಗಡಿಸಿ, ಅತ್ಯಂತ ಬೆಲೆಯುಳ್ಳ ಡಿ ವರ್ಗದವನ್ನು ಉಳಿಸಿದರು. ತುಕ್ಕು ಹಿಡಿದ ಉಕ್ಕಿನ ಗಂಟೆ ಕಂಡರೆ ಅದು ಹಾಗೆ ಹೋದ ಕಂಚಿನ ಬದಲಿಗೆ ಬಂದದ್ದಾಗಿರಬಹುದು. ಅದನ್ನು ಹೀನವೆಂದು ಬಿಡದೆ ದಾಖಲಿಸಿ, ಊರು ಕಳೆದುಕೊಂಡದ್ದಕ್ಕೆ ಅದೇ ಸಾಕ್ಷಿ.

ಈಗ ಒಳಗೆ ಬನ್ನಿ. ಬ್ರಾಂಡೆನ್‌ಬುರ್ಗ್ 1539ರಲ್ಲಿ ಲೂಥರನ ಮತಸುಧಾರಣೆಯನ್ನು ಒಪ್ಪಿಕೊಂಡ ಮೇಲೆ ದೇವರ ವಾಕ್ಯ ಕೇಳುವುದೇ ಆರಾಧನೆಯ ಮುಖ್ಯ ಭಾಗವಾಯಿತು. ಪಾದ್ರಿ ನಿಂತು ಉಪದೇಶ ಮಾಡುವ ಪ್ರಸಂಗಪೀಠವನ್ನು ಬಲಿಪೀಠದ ಮೇಲೆಯೇ ಕೂರಿಸಿದ ಏರ್ಪಾಟು ಕಂಡರೆ ಅದು ಲೂಥರನ ಹಾದಿ ಹಿಡಿದ ಪ್ರಾಟೆಸ್ಟೆಂಟರ ಬರೋಕ್ ಕಾಲದ, ಅಂದರೆ ಸುಮಾರು 17–18ನೇ ಶತಮಾನಗಳ, ಗುರುತು. ಗೋಡೆಯ ಸುಣ್ಣ ಉದುರಿದ ಕಡೆ ಬಣ್ಣದ ಕಲೆಗಳಿದ್ದರೆ ಕೆರೆಯಬೇಡಿ, ಮುಟ್ಟಲೂ ಬೇಡಿ. ಮೇಲೆ ಬಳಿದ ಸುಣ್ಣವೇ ಎಷ್ಟೋ ಮಧ್ಯಯುಗದ ಚಿತ್ರಗಳನ್ನು ಇಂದಿನವರೆಗೆ ಕಾಪಾಡಿದೆ. ನಂತರ ತಲೆಯೆತ್ತಿ ಬಲಿಪೀಠದ ಮುಂದಿನ ಚಾವಣಿಯನ್ನು ನೋಡಿ. ಅಲ್ಲಿ ಒಂದು ತೂತು ಅಥವಾ ರಾಟೆ ಇದ್ದರೆ ಒಂದು ಕಾಲದಲ್ಲಿ ದೀಕ್ಷಾಸ್ನಾನದ ದೇವದೂತ ತೂಗಿರಬಹುದು. 17ನೇ ಶತಮಾನದ ಕೊನೆ ಮತ್ತು 18ನೇ ಶತಮಾನದ ಈ ಮರದ ಮೂರ್ತಿಯನ್ನು ಮಗುವಿನ ದೀಕ್ಷಾಸ್ನಾನದ ಹೊತ್ತಿಗೆ ಹಗ್ಗದಿಂದ ಕೆಳಗಿಳಿಸುತ್ತಿದ್ದರು. ಅದರ ಕೈಯ ಬಟ್ಟಲಿನಲ್ಲಿ ನೀರಿರುತ್ತಿತ್ತು. ರುಚಿ ಬದಲಾದಾಗ ಇಂಥವನ್ನು ಅಟ್ಟಕ್ಕೆ ಹಾಕಿದರು, ಆದ್ದರಿಂದ ಅಟ್ಟವನ್ನೂ ನೋಡಿ ಬನ್ನಿ. ತೊಲೆಗಳ ಮೇಲೆ ಬಡಗಿಗಳು ಜೋಡಣೆಗಾಗಿ ಕೊರೆದ ರೋಮನ್ ಅಂಕಿಗಳು ಸಿಗುತ್ತವೆ. ಮರ ಕಡಿದ ವರ್ಷವನ್ನು ಅದರ ಉಂಗುರಗಳಿಂದ ತಿಳಿಯಬಹುದು, ಆದರೆ ಮಾದರಿ ತೆಗೆಯುವುದು ತಜ್ಞರ ಕೆಲಸ.

ಬರೆಯುವಾಗ ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆ ಪುಟಗಳಲ್ಲಿಡಿ. ಚರ್ಚಿನ ಸಭೆಯ ದಾಖಲೆ ಪುಸ್ತಕಗಳು ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿರುತ್ತವೆ. ಅದನ್ನು ಓದಲು ಕೆಲವು ವಾರ ಅಭ್ಯಾಸ ಬೇಕು. 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧದಲ್ಲಿ ಎಷ್ಟೋ ಪುಸ್ತಕಗಳು ನಾಶವಾದ್ದರಿಂದ ಅದಕ್ಕೂ ಹಿಂದಿನದಕ್ಕೆ ಹಲವು ಊರುಗಳಲ್ಲಿ ಗೋಡೆಯೇ ಆಧಾರ. ಹೊರಡುವ ಮುನ್ನ, ಬಿಸಿಲು ಓರೆಯಾಗಿ ಬೀಳುವ ಸಂಜೆಯ ಹೊತ್ತಿಗೆ, ದಕ್ಷಿಣದ ಗೋಡೆಯನ್ನು ಇನ್ನೊಮ್ಮೆ ನೋಡಿ. ಮಧ್ಯಾಹ್ನ ಸಪಾಟಾಗಿ ಕಂಡ ಗಿಲಾವಿನ ಮೇಲೆ ಮುಚ್ಚಿಹೋದ ಕಿಟಕಿಗಳ ಅಂಚುಗಳು ಆಗ ನೆರಳಾಗಿ ಏಳುತ್ತವೆ. ಅವುಗಳ ಸ್ಥಾನವನ್ನು ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಿ.