ಸಿಪ್ಪೆ ನಾರಿನ ಕುಂಡ: ನನ್ನ ಅನುಭವ

"ಮಳೆ ಬಿದ್ದರೆ ಗಂಜಿಯಾಗುತ್ತದೆ ಮಾರಾಯ್ರೆ" ಎಂದು ಕಾಸರಗೋಡಿನ ಬದಿಯಡ್ಕ ಕಡೆಯ ನರ್ಸರಿಯವರು ನಕ್ಕಿದ್ದ ಕುಂಡದಲ್ಲಿ ಈ ಸಲ ಕಾಳುಮೆಣಸಿನ ಬಳ್ಳಿ ಮೂರು ತಿಂಗಳು ನಿಂತಿತು. ಕುಂಡ ಸಮೇತ ನೆಟ್ಟೂ ಆಯಿತು. ಕುಂಡದಲ್ಲಿರುವುದು ಅಡಿಕೆ ಸಿಪ್ಪೆಯ ನಾರು, ಮರಗೆಣಸಿನ ಹಿಟ್ಟು, ಗ್ಲಿಸರಿನ್. ಒತ್ತಲು ಅಡಿಕೆ ಹಾಳೆಯ ತಟ್ಟೆ ಮಾಡುವ ಹಳೆಯ ಮೆಷಿನು, ಅಚ್ಚು ಮಾತ್ರ ಹೊಸದು.

ಚಾಲಿ (ಒಣಗಿಸಿದ ಹಣ್ಣಡಿಕೆ) ಸುಲಿದ ಸಿಪ್ಪೆಯನ್ನು ಐದಾರು ದಿನ ನೆನೆಹಾಕಿ ಬಡಿದರೆ ನಾರು ಬಿಡುತ್ತದೆ. ಹತ್ತು ದಿನ ಬಿಟ್ಟರೆ ನಾರು ನಾರುತ್ತದೆ, ಕಪ್ಪೂ ಆಗುತ್ತದೆ. ಅಂಟು ಚೆನ್ನಾಗಿ ಹಿಡಿಯಲು ನಾರನ್ನು ಕಾಸ್ಟಿಕ್ ಸೋಡಾದಲ್ಲಿ ಶುಚಿ ಮಾಡಬೇಕು. ಅಲ್ಲೇ ಮೊದಲ ಪೆಟ್ಟು ತಿಂದೆ: ಶೇ. 10ರ ದ್ರಾವಣದಲ್ಲಿ ರಾತ್ರಿಯಿಡೀ ಇಟ್ಟದ್ದು ಬೆಳಿಗ್ಗೆ ಚಿವುಟಿದರೆ ಪುಡಿ. ಅಡಿಕೆ ನಾರಿನಲ್ಲಿ ತೆಂಗಿನದ್ದಕ್ಕಿಂತ ಹೆಮಿಸೆಲ್ಯುಲೋಸ್ (ಎಳೆಗಳನ್ನು ಬೆಸೆಯುವ ಅಂಶ) ಜಾಸ್ತಿ, ಕಾಸ್ಟಿಕ್ ಸೋಡಾದಂಥ ಕ್ಷಾರ ಅದನ್ನೇ ಮೊದಲು ತಿನ್ನುವುದು. ಈಗ ಶೇ. 5, ಎರಡು ಗಂಟೆ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಪಾತ್ರೆ ಕರಗುತ್ತದೆ, ಹೈಡ್ರೋಜನ್ ಬೇರೆ ಏಳುತ್ತದೆ. ಉಳಿದ ಕ್ಷಾರ ಹೋಗಲು, ತೊಳೆಯುವ ಕೊನೆಯ ನೀರಿಗೆ ಚೂರು ವಿನೆಗರ್.

ಒಣನಾರು 100 ಪಾಲಿಗೆ ಹಿಟ್ಟು 60, ಗ್ಲಿಸರಿನ್ 15ರ ಆಸುಪಾಸು. ಗ್ಲಿಸರಿನ್ ಏರಿಸಿದರೆ ಆಟಿ ತಿಂಗಳ ಮಳೆಗಾಲದ ತೇವದ ಹವೆಗೆ ಕುಂಡ ಬೆವರಿ ಮೆತ್ತಗಾಗುತ್ತದೆ. ಹಿಟ್ಟನ್ನು ನೀರಿನಲ್ಲಿ ಕದಡಿ, 70 ಡಿಗ್ರಿ ದಾಟಿಸಿ ಅಂಟು ಮಾಡಿ, ಸುಮಾರು 8 ಮಿ.ಮೀ.ಗೆ ಕತ್ತರಿಸಿದ ನಾರು ಕಲಸುವುದು.

ಹಣ ನುಂಗಿದ್ದು ಮಾತ್ರ ಪ್ರೆಸ್ಸು. ಅಚ್ಚು ತೆರೆದ ಕೂಡಲೇ ಕುಂಡ ಟಪ್ ಎಂದು ಪದರ ಬಿಟ್ಟುಕೊಳ್ಳುತ್ತಿತ್ತು. ಅಂಟು ಸಾಲದು ಎಂದರು ಎಲ್ಲರೂ. ಹಿಟ್ಟು 90 ಪಾಲಿಗೆ ಏರಿಸಿದೆ, ಇನ್ನೂ ಕೆಟ್ಟಿತು. ಏಕೆಂದರೆ ಅಂಟಿನ ಜೊತೆ ನೀರೂ ಏರಿತ್ತು. 140 ಡಿಗ್ರಿಯ ಅಚ್ಚಿನೊಳಗೆ ಸಿಕ್ಕಿಬಿದ್ದ ಹಬೆ, ಒತ್ತಡ ತೆಗೆದದ್ದೇ ಕುಂಡವನ್ನು ಸೀಳುತ್ತದೆ. ಇನ್ನೂರು ಕುಂಡ, ಅಚ್ಚಿನ ರಿಪೇರಿ ಸೇರಿ ಹದಿನಾಲ್ಕು ಸಾವಿರದಷ್ಟು ಹೋಯಿತು. ಈಗ ಕಲಸಿದ್ದನ್ನು ಕೊಬ್ಬರಿ ಡ್ರೈಯರಿನಲ್ಲಿ, ಹಿಡಿಯಲ್ಲಿ ಒತ್ತಿದರೆ ಉಂಡೆ ಹೇಗೋ ನಿಲ್ಲುವಷ್ಟು ತೇವ ಮಾತ್ರ ಉಳಿಯುವವರೆಗೆ ಒಣಗಿಸುತ್ತೇನೆ. ಅಚ್ಚಿಗೆ 2 ಮಿ.ಮೀ. ತೂತುಗಳು. ಮೊದಲ ನಿಮಿಷದಲ್ಲಿ ಮೂರು ಸಲ ಎತ್ತಿ ಹಬೆ ಬಿಟ್ಟು, ಆಮೇಲೆ ಐದಾರು ನಿಮಿಷ ಒತ್ತು. 90 ಡಿಗ್ರಿಗಿಂತ ಕೆಳಗೆ ತಣಿಯದೆ ತೆರೆಯುವಂತಿಲ್ಲ.

ನೀರು ತಡೆಯಲು ಹೊರಮೈಗೆ ಗೇರುಬೀಜದ ಸಿಪ್ಪೆಯ ಎಣ್ಣೆಯ ತೆಳು ಲೇಪ. ಒಳಗೆ ಹಚ್ಚುವುದಿಲ್ಲ, ಬೇರು ಇದೆ. ಈ ಎಣ್ಣೆಯನ್ನು ಗ್ಲೌಸ್ ಇಲ್ಲದೆ ಮುಟ್ಟಿದರೆ ಚರ್ಮ ಸುಲಿಯುತ್ತದೆ. ಬೇಗ ಒಣಗಲು ಏನು ಬೆರೆಸುತ್ತೇನೆ ಎಂಬುದು ಸದ್ಯ ನನ್ನಲ್ಲೇ ಇರಲಿ.

ಕುಂಡಕ್ಕೆ ಎಂಟೊಂಬತ್ತು ರೂಪಾಯಿ ಬೀಳುತ್ತದೆ, ಹೆಚ್ಚಿನದ್ದು ಕರೆಂಟಿಗೆ. ಪ್ಲಾಸ್ಟಿಕ್ ತೊಟ್ಟೆಗೆ ಎರಡು ರೂಪಾಯಿಯೂ ಇಲ್ಲ. ಚೌಕಾಸಿ ನಡೆದೇ ಇದೆ.

ನಡುವೆ ಬಾಳೆನಾರೂ ನೋಡಿದೆ. ಗಟ್ಟಿಯೇನೋ ಹೌದು, ಆದರೆ ಮಿಕ್ಸರಿನ ಶಾಫ್ಟಿಗೆ ಸುತ್ತಿಕೊಂಡು ಮೋಟರು ನಿಲ್ಲಿಸಿತು. ಈಗ ಕೈಯಲ್ಲೇ ಕುಂಡದ ಬಾಯಿಯ ಸುತ್ತ ಎರಡು ಎಳೆ ಇಡುತ್ತೇನೆ. ಬಾಯಿ ಸೀಳುವುದು ಅಲ್ಲಿಗೆ ನಿಂತಿತು.